ಮಾಮಾ ಹೇಳಿದ ಮೂರು ನಿಮಿಷದ ಕಥೆ

ಮೊನ್ನೆ ಹಳೆಯ ಲ್ಯಾಪ್‌ಟಾಪ್ ಚೀಲ ಒದರಿದಾಗ ಒಂದು ನೀಲಿ ಪೆನ್‌ಡ್ರೈವ್ ಬಿತ್ತು. ಅದಕ್ಕೆ ಹೂ ಕಟ್ಟುವ ದಾರ ಸುತ್ತಿತ್ತು. ಕಳೆದುಹೋಗಬಾರದೆಂದು ಹಾಗೆ ಕಟ್ಟಿ ಕೊಟ್ಟವರು ಕ್ರೋಂಪೇಟೆಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಮಾಮಿ.

ಆಗ ಅವರ ಗಂಡ, ನಾವು ಮಾಮಾ ಎನ್ನುತ್ತಿದ್ದವರು, ತೀರಿಕೊಂಡು ಎರಡು ತಿಂಗಳಾಗಿತ್ತು. ಅವರು ಮೊಮ್ಮಗಳಿಗೆ ಕನ್ನಡದಲ್ಲಿ ಕಥೆ ಹೇಳುವುದು, ಅವಳು ತಮಿಳಿನಲ್ಲಿ ಅಡ್ಡ ಪ್ರಶ್ನೆ ಹಾಕುವುದು... ಅದನ್ನೆಲ್ಲ ಮಾಮಿಯೇ ಫೋನಿನಲ್ಲಿ ಹಿಡಿದಿದ್ದರು. ಫೋನ್ ತುಂಬಿತೆಂದು ಅಂಗಡಿಯವನು ವೀಡಿಯೊವನ್ನು ಪೆನ್‌ಡ್ರೈವಿಗೆ ಸಾಗಿಸಿದ್ದ. ಅದನ್ನು ಒಮ್ಮೆಯೂ ಹಾಕಿ ನೋಡುವ ಧೈರ್ಯ ಮಾಮಿಗೆ ಬಂದಿರಲಿಲ್ಲ.

"ಪೂರ್ತಿ ಬೇಡ ಕಣ್ಣಾ, ಕಥೆ ಮಾತ್ರ ಕಟ್ ಮಾಡಿ ಕೊಡು. ಅವರ ದನಿ ಇರೋದು ಇದೊಂದರಲ್ಲೇ," ಎಂದರು.

ಆಗ ನನಗೆ ವಿಪರೀತ ಜಂಬ. ಮೌಸ್ ಮುಟ್ಟದೆ, ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಥ ವೀಡಿಯೊವನ್ನಾದರೂ ಕತ್ತರಿಸುತ್ತೇನೆಂಬ ಜಂಬ. ಶೋಳಿಂಗನಲ್ಲೂರಿನ ಆಫೀಸಿನಲ್ಲಿ ತರಬೇತಿಯ ವೀಡಿಯೊಗಳಿಗೆ ಹೊಸದಾಗಿ ದನಿ ಕೊಡಿಸುತ್ತಿದ್ದೆವು. ಅದಕ್ಕೆಂದು ನಾನು ಬರೆದಿಟ್ಟುಕೊಂಡ ಕಮಾಂಡ್ ವೀಡಿಯೊ ಕತ್ತರಿಸಿ, ಹಳೆಯ ದನಿ ತೆಗೆದು, ಕೊನೆಗೆ ಮೂಲ ಫೈಲನ್ನೂ ಅಳಿಸುತ್ತಿತ್ತು. ಅದನ್ನೇ ಎತ್ತಿ ಹಾಕಿ, ಸಮಯವಷ್ಟೇ ಬದಲಿಸಿ ಎಂಟರ್ ಒತ್ತಿದೆ. ಒಂದು ಪ್ರತಿ ಮಾಡಿಟ್ಟುಕೊಳ್ಳುವಷ್ಟೂ ತಾಳ್ಮೆ ಇರಲಿಲ್ಲ.

ತೆರೆದು ನೋಡಿದರೆ ಮಾಮಾ ಬಾಯಿ ಆಡಿಸುತ್ತಿದ್ದರು, ಅಷ್ಟೇ. ಏನೇನು ಮಾಡಿದರೂ ಅಳಿಸಿದ್ದು ವಾಪಸು ಬರಲಿಲ್ಲ.

ತಪ್ಪು ಒಪ್ಪಿಕೊಳ್ಳೋಣವೆಂದೇ ಕೆಳಗಿಳಿದೆ. ಅವರ ಮುಖ ನೋಡಿದ ಮೇಲೆ, "ರೆಕಾರ್ಡ್ ಆಗುವಾಗಲೇ ದನಿ ಬಂದಿಲ್ಲ ಮಾಮಿ," ಅಂದುಬಿಟ್ಟೆ.

ಮಾಮಿ ತಮ್ಮ ಬೆರಳುಗಳನ್ನು ನೋಡಿಕೊಂಡರು. "ನಾನೇ ಮೈಕ್ ಮುಚ್ಚಿಕೊಂಡು ಹಿಡಿದಿರಬೇಕು... ಪರವಾಯಿಲ್ಲ ಕಣ್ಣಾ, ನಿನಗೆ ಸುಮ್ಮನೆ ತೊಂದರೆ ಕೊಟ್ಟೆ." ಒಳಗೆ ಹೋಗಿ ನನಗೆ ಕಾಫಿ ತಂದರು. ಅದನ್ನು ನಾನು ಕುಡಿದೆ.

ಮೊಮ್ಮಗಳ ಹುಟ್ಟುಹಬ್ಬದ ದಿನ ಮಗಳು ವೀಡಿಯೊ ತೆಗೆಯಲು ಫೋನ್ ಕೊಟ್ಟರೆ ಮಾಮಿ ಕೈ ಹಿಂದಕ್ಕೆಳೆದುಕೊಂಡರು. "ನಾನು ಬೇಡಮ್ಮ, ಹಾಳು ಮಾಡ್ತೀನಿ," ಎಂದರು. ಪಕ್ಕದಲ್ಲೇ ಇದ್ದ ನಾನು ಬಾಯಿ ಬಿಡಲಿಲ್ಲ. ನೆನೆದರೆ ಈಗಲೂ ನಾಚಿಕೆಯಿಂದ ತಲೆ ತಗ್ಗುತ್ತದೆ.

ಈ ಬೇಸಿಗೆಯಲ್ಲಿ ಮಾಮಿಯೂ ಹೋದರು. ಇನ್ನು ನಿಜ ಹೇಳಿಕೊಳ್ಳಲು ಅವರಿಲ್ಲ. ಆ ಕಥೆಯನ್ನು ವೀಡಿಯೊದಲ್ಲಿ ಕೇಳಿದವಳು ನಾನೊಬ್ಬಳೇ, ಎಲ್ಲಿ ಕತ್ತರಿಸಬೇಕೆಂದು ನೋಡುವಾಗ. ಹನ್ನೆರಡನೇ ನಿಮಿಷದಿಂದ ಹದಿನೈದರವರೆಗೆ; ಅಷ್ಟು ಸರಿಯಾಗಿ ನೆನಪಿದೆ. ಮಾಮಾ ಹೇಳಿದ್ದು ಯಾವ ಕಥೆ ಎಂದು ಮಾತ್ರ ನಾನು ಗಮನಿಸಿರಲಿಲ್ಲ.