ಗಾಳಿಯಕ್ಕನ ಹಗ್ಗ

ವಿದ್ಯುತ್ ಸ್ಥಾವರದ ಹಿಂದಿನ ಬೀದಿಯಲ್ಲಿ ಬಟ್ಟೆ ಒಣಹಾಕುವ ಮೊದಲು ಹೆಂಗಸರು ಮಹಡಿಯಿಂದ ಮಹಡಿಗೆ ಕೂಗಿ ಒಂದು ಮಾತು ಕೇಳುತ್ತಿದ್ದರು: "ಗಾಳಿಯಕ್ಕಾ, ಹಾಕ್ಲಾ?"

ಗಾಳಿಯಕ್ಕ ಬೀದಿಯ ಕೊನೆಯ ಮನೆಯವಳು. ಊರವರ ಬಟ್ಟೆ ಒಗೆದು ಬದುಕುವವಳು. ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಸ್ಥಾವರದ ಹೊಗೆಕೊಳವೆಯತ್ತ ಕತ್ತೆತ್ತಿ ನೋಡುತ್ತಿದ್ದಳು. ಹೊಗೆ ಹೊಳೆಯ ಕಡೆ ಬಾಗಿದ್ದರೆ, "ಹಾಕ್ರಮ್ಮಾ." ಬೀದಿಯ ಕಡೆ ತಿರುಗಿತೋ, "ಬಂತು, ಬಂತು!" ಆ ಕೂಗಿಗೆ ಒಲೆಯ ಮೇಲಿದ್ದದ್ದನ್ನೂ ಬಿಟ್ಟು ಎಲ್ಲರೂ ಮಹಡಿಗೆ ಓಡುತ್ತಿದ್ದರು. ಹಿಂದೆಯೇ ಕಲ್ಲಿದ್ದಲ ಬೂದಿ ಇಳಿಯುತ್ತಿತ್ತು, ಕಿಟಕಿಯ ಪಟ್ಟಿಯ ಮೇಲೆ ಬೆರಳಾಡಿಸಿದರೆ ಮಾತ್ರ ಗೊತ್ತಾಗುವಷ್ಟು ನುಣ್ಣಗೆ.

ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೂ ಇದೆಲ್ಲ ತಿಳಿದಿರಲಿಲ್ಲ. ಒಗೆದು ಹಾಕಿದ ಬಿಳಿ ಅಂಗಿಗಳೆಲ್ಲ ಸಂಜೆಗೆ ಬೂದುಬಣ್ಣವಾಗಿದ್ದವು. "ಬಟ್ಟೆ ನೋಡಿ ಒಗೆದ್ರೆ ಸಾಲ್ದು ಕಣೇ, ಆಕಾಶ ನೋಡಿ ಹರವಬೇಕು. ಕಣ್ಣೇನು ತವರಲ್ಲೇ ಬಿಟ್ಟು ಬಂದ್ಯಾ?" ಎಂದಿದ್ದಳು ಅತ್ತೆ. ಅಂದಿನಿಂದ ಅವಳ ಕಣ್ಣು ಮೇಲೆಯೇ ಇತ್ತು.

ಆ ಬೂದಿ ಸುಲಭಕ್ಕೆ ಬಿಡುವಂಥದಲ್ಲ. ಒಣಗಿದ್ದಾಗಲೇ ಕೊಡವಬೇಕು, ತಣ್ಣೀರಿನಲ್ಲಿ ಜಾಲಾಡಿಸಬೇಕು, ಸೋಪು ಆಮೇಲೆ. ಅವಸರ ಮಾಡಿದರೆ ಎಳೆಯೊಳಗೆ ಕೂತು ಬಟ್ಟೆ ಮಂಕಾಗಿಬಿಡುತ್ತದೆ. ಅಷ್ಟು ವ್ಯವಧಾನ ಯಾರಿಗಿದೆ? ಮನೆಮನೆಯ ಗಂಟುಗಳು ಅವಳ ಬಾಗಿಲಿಗೆ ಬರುತ್ತಿದ್ದವು. ಗಂಡ ಅದೇ ಸ್ಥಾವರದಲ್ಲಿ ಬೂದಿ ಎತ್ತುವ ಕೆಲಸದವನು. "ನಾನು ಹಾರಿಸ್ತೀನಿ, ನೀನು ತೊಳಿ. ಇಂಥ ಜೋಡಿ ಎಲ್ಲೂ ಸಿಗಲ್ಲ ಬಿಡೇ" ಎಂದು ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು. ಅದು ನಿಲ್ಲುವವರೆಗೆ ಅವಳು ಅವನ ಬೆನ್ನು ಸವರುತ್ತಿದ್ದಳು.

ಸ್ಥಾವರ ಮುಚ್ಚುವುದು ಖಚಿತವಾದ ಮೇಲೆ ಊರನ್ನು ಮುಂದಿನ ಕಾಲಕ್ಕೆ ಅಣಿ ಮಾಡಲೆಂದು ಸರ್ಕಾರದ ಕಡೆಯಿಂದ ಒಬ್ಬಳು ಹುಡುಗಿ ಬಂದಳು. ಒಳ್ಳೆಯವಳೇ. ಶಾಲೆಯ ಕೋಣೆಯಲ್ಲಿ ಮಕ್ಕಳ ಬೆಂಚುಗಳ ಮೇಲೆ ದೊಡ್ಡವರೆಲ್ಲ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದರು. ಬೂದಿ ಸುರಿದ ಬಯಲಿನಲ್ಲಿ ಸೋಲಾರ್ ಫಲಕಗಳು ಬರುತ್ತವೆ, ಕೆಲಸಗಾರರಿಗೆ ತರಬೇತಿ ಇದೆ ಎಂದು ಹುಡುಗಿ ಬಿಡಿಸಿ ಹೇಳಿದಳು. ಆಮೇಲೆ ಒಬ್ಬೊಬ್ಬರನ್ನೇ ಕೇಳುತ್ತ ಗಾಳಿಯಕ್ಕನ ಬಳಿ ಬಂದಳು.

"ನೀವೇನು ಕೆಲಸ ಮಾಡ್ತೀರಮ್ಮಾ?"

"ಬೂದಿ ತೆಗೀತೀನಿ."

"ಸ್ಥಾವರದಲ್ಲಾ?"

"ಬಟ್ಟೇಲಿ."

ಕೋಣೆಯೆಲ್ಲ ನಕ್ಕಿತು. ಹುಡುಗಿಯೂ ನಕ್ಕಳು. "ಹಾಗಾದ್ರೆ ನಿಮಗಿನ್ನು ಆರಾಮು. ಬೂದೀನೇ ಇರಲ್ಲ!"

ಗಾಳಿಯಕ್ಕನೂ ನಕ್ಕಳು. ನಗು ಮುಗಿದ ಮೇಲೆ ಕೇಳಿದಳು: "ಮತ್ತೆ ನಾನೇನು ಒಗೀಲಿ?"

ಹುಡುಗಿ ಕೈಯಲ್ಲಿದ್ದ ಹಾಳೆ ತಿರುವಿದಳು. "ಹೊಲಿಗೆ ಕಲಿಸ್ತೀವಿ, ಬನ್ನಿ" ಎಂದಳು.

ಗಾಳಿಯಕ್ಕ ಹೋದಳು. ದೂರದ ಹೊಗೆ ನೋಡಿ ಪಳಗಿದ ಕಣ್ಣಿಗೆ ಸೂಜಿಯ ಕಣ್ಣು ಕಾಣಲಿಲ್ಲ. ಸೋಪಿಗೆ ಸವೆದ ಬೆರಳುಗಳಿಂದ ಬಟ್ಟೆ ಜಾರಿಹೋಗುತ್ತಿತ್ತು. ಕೆಲವು ದಿನ ನೋಡಿ ಬಿಟ್ಟುಬಿಟ್ಟಳು.

ಹೊಗೆ ನಿಂತಿತು. ಗಂಡನ ಕೆಮ್ಮು ಮೆಲ್ಲಗೆ ಇಳಿಯಿತು. ಅವನು ಒಮ್ಮೆಯೂ ಕೆಮ್ಮದೆ ಊಟ ಮುಗಿಸುವುದನ್ನು ಅವಳು ಎದುರು ಕೂತು ನೋಡುತ್ತಿದ್ದಳು. ಇಂಥದೊಂದು ಊಟಕ್ಕಾಗಿ ಎಷ್ಟು ವರ್ಷ ಹಂಬಲಿಸಿದ್ದಳು. ಈಗ ಹೊಗೆ ಇರಬೇಕಿತ್ತು ಎಂದು ಯಾವ ಬಾಯಲ್ಲಿ ಹೇಳುವುದು?

ಯಾರೂ ಅವಳನ್ನು ಒರಟಾಗಿ ಕೆಲಸದಿಂದ ಬಿಡಿಸಲಿಲ್ಲ. "ಈಗ ಅಷ್ಟು ಕೊಳೇನೇ ಆಗಲ್ಲ ಅಕ್ಕಾ, ನಾವೇ ಹಿಂಡ್ಕೊಂಡ್ಬಿಡ್ತೀವಿ" ಎನ್ನುತ್ತಿದ್ದರು, ಅರ್ಧ ತೆರೆದ ಬಾಗಿಲಲ್ಲಿ ನಿಂತು. ಕೊನೆಗೆ ಉಳಿದದ್ದು ಎದುರುಮನೆ ಟೀಚರಮ್ಮನ ಗಂಟು ಒಂದೇ. ಅದು ಮಾತ್ರ ವಾರವಾರವೂ ತಪ್ಪದೆ ಬರುತ್ತಿತ್ತು. ಗಾಳಿಯಕ್ಕ ಅದನ್ನೇ ದಿನವಿಡೀ ಒಗೆಯುತ್ತಿದ್ದಳು.

ಒಂದು ಬೆಳಿಗ್ಗೆ ಗಂಟು ಬಿಚ್ಚಿದಾಗ ಹಾಸಿಗೆಯ ಬಿಳಿ ಹಾಸಿನ ಮೇಲೆ ಅಂಗೈಯಗಲ ಕಲೆಯಿತ್ತು. ಕೊಡವಿದಳು, ಹಾರಲಿಲ್ಲ. ಬೆರಳಲ್ಲಿ ಉಜ್ಜಿ ನೋಡಿದಳು, ತರಿತರಿಯಾಗಿತ್ತು. ಹೂವಿನ ಕುಂಡದ ಮಣ್ಣು. ಹಾಸನ್ನು ಪೂರ್ತಿ ಬಿಡಿಸಿದರೆ, ಕಳೆದ ವಾರ ತಾನೇ ಒತ್ತಿ ಮಡಚಿದ ಗೆರೆಗಳು ಹಾಗೆಯೇ ಇದ್ದವು. ಒಳಮಡಿಕೆಯಲ್ಲಿ ತನ್ನದೇ ಸೋಪಿನ ವಾಸನೆ. ಆ ಹಾಸಿನ ಮೇಲೆ ಯಾರೂ ಮಲಗಿರಲಿಲ್ಲ.

"ಏನೇ ಅದು, ಹಾಗೆ ನೋಡ್ತಿದೀಯ?" ಗಂಡ ಒಳಗಿನಿಂದ ಕೇಳಿದ.

"ಏನಿಲ್ಲ. ಮಣ್ಣು."

ಒಂದೇ ಒಗೆತಕ್ಕೆ ಕಲೆ ಹೋಯಿತು. ಒಣಗಿಸಿ, ಮೊದಲಿನ ಗೆರೆಗಳಿಗೇ ಸರಿಯಾಗಿ ಮಡಚಿ, ಸಂಜೆ ತೆಗೆದುಕೊಂಡು ಹೋದಳು. ಟೀಚರಮ್ಮ ಹಾಸನ್ನು ತೆಗೆದುಕೊಂಡರು, ಮುಖ ನೋಡಲಿಲ್ಲ.

"ಕುಂಡ ಬಿದ್ದುಬಿಡ್ತು ಗಾಳಿಯಕ್ಕಾ."

"ಹೂಂ, ಬೀಳ್ತವೆ." ಗಾಳಿಯಕ್ಕ ಮೆಟ್ಟಿಲು ಇಳಿದು ನಿಂತಳು. "ಇನ್ನು ಬೀಳಿಸಬೇಡಿ ಟೀಚರಮ್ಮ. ಗಿಡಕ್ಕೆ ಪೆಟ್ಟಾಗುತ್ತೆ."

ಟೀಚರಮ್ಮ ಹಾಸನ್ನು ಎದೆಗವಚಿಕೊಂಡರು. "ಒಳಗೆ ಬನ್ನಿ, ಟೀ ಕುಡಿದು ಹೋಗಿ."

"ಇನ್ನೊಂದಿನ ಬರ್ತೀನಿ."

ಮನೆಗೆ ಬಂದವಳು ನೇರ ಮಹಡಿ ಹತ್ತಿ ಬಟ್ಟೆ ಹರವುವ ಹಗ್ಗ ಬಿಚ್ಚಲು ನಿಂತಳು. ಅತ್ತೆ ಕಟ್ಟಿದ ಗಂಟು, ಬಿಸಿಲಿಗೂ ಮಳೆಗೂ ಕಲ್ಲಾಗಿತ್ತು. ಉಗುರು ಹಾಕಿ ಎಳೆದಂತೆ ಎಳೆಗಳ ನಡುವಿನಿಂದ ಹಳೆಯ ಬೂದಿ ಉದುರಿ ಅಂಗೈಗೆ ಮೆತ್ತಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಪಕ್ಕದ ಮಹಡಿಗೆ ಬಕೆಟ್ ಹೊತ್ತು ಬಂದ ಆ ಮನೆಯ ಸೊಸೆ ಹಳೆಯ ಅಭ್ಯಾಸದಲ್ಲಿ ಕೂಗಿದಳು: "ಗಾಳಿಯಕ್ಕಾ, ಹಾಕ್ಲಾ?" ಕೂಗಿದ ಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಗಾಳಿಯಕ್ಕ ಕತ್ತೆತ್ತಿದಳು. ಹೊಗೆಕೊಳವೆ ಇದ್ದಲ್ಲೇ ಇತ್ತು. ಅದರ ಮೇಲೆ ಏನೂ ಇರಲಿಲ್ಲ.

"ಹಾಕಮ್ಮಾ," ಎಂದು ಮತ್ತೆ ಗಂಟಿಗೆ ಕೈಹಾಕಿದಳು.