ಸಖುಬಾಯಿ ಮಗಳನ್ನು ಒಳಗೆ ಬಿಡಲಿಲ್ಲ

ಎಕಂಬಾದ ಸಖುಬಾಯಿ ತನ್ನ ಕುರಿಗಳ ಜೊತೆ ಊರಿನ ಮೂರ್ನಾಲ್ಕು ಮನೆಯವರ ಕುರಿಗಳನ್ನೂ ಕಾಯುತ್ತಾಳೆ. ಅವರಲ್ಲಿ ಕಟ್ಟಳೆ ಒಂದೇ: ಒಪ್ಪಿಸಿಕೊಂಡ ಕುರಿ ತಪ್ಪಿಸಿಕೊಂಡರೆ ಹುಡುಕಿ ತರಬೇಕು, ತೋಳ ತಿಂದಿದ್ದರೆ ಕಿವಿಯನ್ನಾದರೂ ತಂದು ತೋರಿಸಬೇಕು. ಎಲ್ಲಿ ಹೋಯಿತೋ ಗೊತ್ತಿಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಮಗಳು ಸರಿತಾ ಔರಾದಿನ ಒಂದು ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷಕ್ಕೆ ಸೇರಿ ಹಾಸ್ಟೆಲಿನಲ್ಲಿ ಉಳಿದಳು. ಹೊಸ ಮಕ್ಕಳು ನಡುವೆ ಬಿಟ್ಟು ಹೋಗಬಾರದೆಂದು ಕಾಲೇಜಿನವರು ಬ್ಯಾನರು ಕಟ್ಟಿ, ಬಿಸ್ಕೀಟು ಹಂಚಿ, ಇಪ್ಪತ್ತು ಮಂದಿಗೆ ಒಬ್ಬರಂತೆ ಮಾರ್ಗದರ್ಶಕರನ್ನು ನೇಮಿಸಿದರು. ಸರಿತಾಳ ಪಾಲಿಗೆ ಬಂದವರು ಭಾಲ್ಕಿಯಿಂದ ಬಸ್ಸಿಗೆ ಬರುವ ನಾಹೀದ ಮೇಡಂ. "ಈ ಮಕ್ಕಳ ಜವಾಬ್ದಾರಿ ನಂದು" ಎಂದು ಸಖುಬಾಯಿ ಮತ್ತಿತರ ಪಾಲಕರೆದುರು ಮೈಕಿನಲ್ಲಿ ಹೇಳಿದರು. ಸಭೆ ಮುಗಿಯಿತು, ಬ್ಯಾನರು ಬಿಚ್ಚಿದರು, ಯೋಜನೆಯೂ ಅದರೊಳಗೆ ಸುತ್ತಿಕೊಂಡು ಬೀರು ಸೇರಿತು.

ದೀಪಾವಳಿಗೆ ಮುಂಚೆ ಸರಿತಾ ಬ್ಯಾಗು ಹೊತ್ತು ಬಾಗಿಲಿಗೆ ಬಂದಳು. "ಅವ್ವಾ, ಅಕೌಂಟ್ಸ್ ತಲಿಗಿ ಹತ್ತವಲ್ದು. ಕೇಳಾಕ ನಾಚಿಕಿ. ಕಾಲೇಜು ಬಿಟ್ಟೆ."

ಸಖುಬಾಯಿ ಹೊಸ್ತಿಲಿಗೆ ಅಡ್ಡ ನಿಂತಳು. "ನಿನ್ನ ಮೇಡಮ್ಮಗ ಒಪ್ಪಿಸೇನಿ. ಆಕಿ ಹೇಳಲಾರದ ನಾ ಹ್ಯಾಂಗ ಒಳಗ ತಗೋಳ್ಳಿ?"

"ನಾ ಏನು ಕುರಿ ಏನವ್ವಾ?"

"ಕುರಿ ಆಗಿದ್ರ ಹೆಗಲ ಮ್ಯಾಲ ಹೊತ್ಕೊಂಡು ಹೋಗ್ತಿದ್ದೆ. ನೀ ನಡಿ."

ಟಂಟಂ ಆಟೋ ಹತ್ತಿ ಔರಾದಿಗೆ ಬಂದು, ಸಖುಬಾಯಿ ನೇರ ಸ್ಟಾಫ್ ರೂಮಿಗೇ ನುಗ್ಗಿದಳು. ನಾಹೀದ ಮೇಡಂ ಚಹಾ ಕುಡಿಯುತ್ತಿದ್ದರು.

"ತಗೋರಿ ಮೇಡಂರಿ, ನಿಮ್ಮದೊಂದು ತಪ್ಪಿಸ್ಕೊಂಡು ನಮ್ಮನಿಗಿ ಬಂದಿತ್ತು."

"ಅಯ್ಯ ಬಾಯಿ! ಈಕಿ ಹೋಗಿದ್ದೇ ನನಗ ಗೊತ್ತಿಲ್ಲ."

"ಉಳಿದವರಾದ್ರೂ ಅದಾರೇನ್ರಿ? ಇಲ್ಲಂದ್ರ ಕಿವಿ ತೋರಸ್ರಿ."

ಮೇಡಂಗೆ ಚಹಾ ನೆತ್ತಿಗೇರಿತು. ಪಕ್ಕದ ಕುರ್ಚಿಯಲ್ಲಿದ್ದ ಇನ್ನೊಬ್ಬ ಮಾರ್ಗದರ್ಶಕ, ಉತ್ತಮ ಎಂಬ ಸರ್, ಕಿಸಕ್ಕೆಂದರು.

"ನಗ್ತೀರೇನ್ರಿ ಸರ? ನಿಮ್ಮವು ಎಷ್ಟು ಉಳದಾವ?"

ಉತ್ತಮ ಸರ್ ದಿನಪತ್ರಿಕೆಯ ಹಿಂದೆ ಮರೆಯಾದರು.

ನಾಹೀದ ಮೇಡಂ ಕೆಟ್ಟವರಲ್ಲ. ಅಕೌಂಟ್ಸ್ ಕಲಿಸುವವರೂ ಅವರೇ. ಸರಿತಾಳನ್ನು ಕೈ ಹಿಡಿದು ಕರೆದೊಯ್ದು ಮುಂದಿನ ಬೆಂಚಿಗೆ ಕೂಡಿಸಿ ಪಾಠ ಶುರುಮಾಡಿದರು. ಕಿಟಕಿಯಾಚೆ ಸಖುಬಾಯಿ ಹಾಗೇ ನಿಂತಿದ್ದಳು.

"ಇನ್ನ ಹೋಗ್ರಿ ಬಾಯಿ."

"ಬಿಟ್ಟ ಮ್ಯಾಲ ಮೇಯ್ತದೋ ಇಲ್ಲೋ, ನೋಡೇ ಹೋಗ್ತೇನ್ರಿ."

ತರಗತಿಯೆಲ್ಲ ಹೋ ಎಂದು ನಕ್ಕಿತು. ಸರಿತಾ ಕಣ್ಣಲ್ಲೇ ಹೋಗೆಂದು ಗದರಿಸಿದಳು. ಅವ್ವ ಕದಲಲಿಲ್ಲ. ಮಾನ ಉಳಿಯಲು ಬೇರೆ ದಾರಿ ಕಾಣದೆ ಸರಿತಾ ಎದ್ದು ನಿಂತಳು.

"ಮೇಡಂ, ಈ ಡೆಬಿಟ್ ಅಂದ್ರ ಏನ್ರಿ? ಮೊದಲಿನಿಂದ ನನಗ ತಿಳದಿಲ್ರಿ."

"ನಮಗೂ ಇಲ್ರಿ," ಎಂದವು ಹಿಂದಿನ ಬೆಂಚುಗಳು.

ಮೇಡಂ ಹಲಗೆಯ ಮೇಲಿದ್ದದ್ದನ್ನೆಲ್ಲ ಒರೆಸಿ, ಕನ್ನಡದಲ್ಲಿ ಮೊದಲಿನಿಂದ ಶುರುಮಾಡಿದರು. ಸಖುಬಾಯಿ ಟಂಟಂ ಹಿಡಿಯಲು ಹೊರಟಳು.