ಶೆಟ್ಟರ ಅಟ್ಟದ ಮೇಲಿನ ಹೆಲ್ಮೆಟ್ಟುಗಳು

ನಮ್ಮ ಪುಣೆಯಲ್ಲಿ ಮನುಷ್ಯದೇಹದ ಅತ್ಯಂತ ಸುರಕ್ಷಿತವಾದ ಅಂಗ ಮೊಣಕೈ. ಹೆಲ್ಮೆಟ್ ಅಲ್ಲಿಯೇ ಇರುತ್ತದೆ. ಸ್ಕೂಟರಿನವರು ಅದನ್ನು ಬಳೆಯಂತೆ ತೋಳಿಗೇರಿಸಿಕೊಂಡು ಹೊರಡುತ್ತಾರೆ. ಪೊಲೀಸರು ಕಂಡೊಡನೆ ತಲೆಗೆ ವರ್ಗಾಯಿಸುತ್ತಾರೆ. ಚೌಕ ದಾಟಿದ ಮೇಲೆ ಮತ್ತೆ ಮೂಲಸ್ಥಾನಕ್ಕೆ ಬಿಜಯಮಾಡಿಸುತ್ತಾರೆ. ಮೋಟಾರು ಗಾಡಿಯವರೇ ಹೀಗಿರುವಾಗ ಸೈಕಲ್ಲಿಗೂ ಹೆಲ್ಮೆಟ್ ಬೇಕು ಎನ್ನುವುದು ಊರಿನ ಸಂಸ್ಕೃತಿಯ ಮೇಲೆ ಕೈಮಾಡಿದಂತೆ.

ಹಾಗೆ ಕೈಮಾಡಿದವನು ಪ್ರಜ್ವಲ್. ಬೆಂಗಳೂರಿನ ಹುಡುಗ, ಹಿಂಜವಾಡಿಯ ಐಟಿ ಕಂಪನಿಯಲ್ಲಿ ಕೆಲಸ, ನಮ್ಮ ಸೈಕಲ್ ಬಳಗದ ನಾಯಕ. ಬಳಗವೆಂದರೆ ನಮ್ಮ ವಾಕಡ ಬಡಾವಣೆಯ ಒಂದಷ್ಟು ಕನ್ನಡಿಗರು. ಹೆಚ್ಚಿನವರು ನನ್ನಂತೆ ನಿವೃತ್ತರು. ಭಾನುವಾರ ನಸುಕಿನಲ್ಲಿ ಶೆಟ್ಟರ ಹೋಟೆಲಿನ ಮುಂದೆ ಕೂಡಿ, ಲೋಣಾವಳಾ ರಸ್ತೆ ಹಿಡಿದು, ಮೊಣಕಾಲು ಸಾಕೆಂದ ಕಡೆ ತಿರುಗಿ, ಅದೇ ಹೋಟೆಲಿಗೆ ಮರಳಿ ಇಡ್ಲಿ ವಡೆ ತಿನ್ನುವುದು ನಮ್ಮ ಧ್ಯೇಯ. ಲೋಣಾವಳಾವನ್ನು ನಾವು ಈವರೆಗೆ ಮುಟ್ಟಿಲ್ಲ. ದಿಕ್ಕು ಮಾತ್ರ ಅದೇ.

ಒಂದು ಭಾನುವಾರ ವಡೆ ಬರುವ ಮುಂಚೆ ಪ್ರಜ್ವಲ್ ಎದ್ದು ನಿಂತ. "ಸಾರ್, ಇಟ್ಸ್ ಸಿಂಪಲ್. ನೋ ಹೆಲ್ಮೆಟ್, ನೋ ರೈಡ್. ಮುಂದಿನ ವಾರದಿಂದ ರೂಲ್. ಇದ್ರಲ್ಲಿ ಡಿಸ್ಕಸ್ ಮಾಡೋಕೆ ಏನೂ ಇಲ್ಲ."

ಚರ್ಚಿಸಲು ಏನೂ ಇಲ್ಲ ಎಂಬ ಮಾತನ್ನು ಧಾರವಾಡದ ಕಡೆಯವರ ಎದುರು ಆಡಬಾರದು. ನನ್ನ ಹಳೆಯ ಗೆಳೆಯ, ನಿವೃತ್ತ ಎಂಜಿನಿಯರ್ ಹುಕ್ಕೇರಿ, ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

"ತಮ್ಮಾ, ನಾವು ಸಣ್ಣವರಿದ್ದಾಗ ಸೈಕಲ್ಲಿಗೆ ಬ್ರೇಕೇ ಇರ್ತಿರಲಿಲ್ಲ. ಚಪ್ಪಲಿ ಇರ್ತಿತ್ತು. ಗಾಲಿಗೆ ಒತ್ತಿ ನಿಲ್ಲಸ್ತಿದ್ವಿ. ಏನಾಗ್ಯದ ನಮಗ?"

"ಅದನ್ನೇ ನೋಡ್ತಾ ಇದೀನಿ ಅಂಕಲ್," ಎಂದ ಪ್ರಜ್ವಲ್.

ಆಮೇಲೆ ಮೂರು ಸುತ್ತು ಚಹಾದಷ್ಟು ಚರ್ಚೆಯಾಯಿತು. ವ್ಯಕ್ತಿಸ್ವಾತಂತ್ರ್ಯದ ಪ್ರಶ್ನೆ ಬಂತು. ಬೆವರಿನ ಪ್ರಶ್ನೆ ಬಂತು. ಕೂದಲು ಉದುರುತ್ತದೆ ಎಂಬ ಆಕ್ಷೇಪವನ್ನು, ಉದುರಲು ಇನ್ನೇನೂ ಉಳಿಯದವರೇ ಜೋರಾಗಿ ಎತ್ತಿದರು. ನಾನು ಬದುಕೆಲ್ಲ ಇತಿಹಾಸ ಪಾಠ ಹೇಳಿದವನು, ಆದ್ದರಿಂದ ನನ್ನ ಆಕ್ಷೇಪ ಐತಿಹಾಸಿಕವಾಗಿತ್ತು. ನಮ್ಮ ನಾಡಿನಲ್ಲಿ ತಲೆಯ ಮೇಲೆ ಇಟ್ಟದ್ದೆಲ್ಲ ಮರ್ಯಾದೆಗಾಗಿ. ಪೇಟ, ರುಮಾಲು, ಪಗಡಿ, ಮದುವೆಯ ಬಾಸಿಂಗ, ಯಕ್ಷಗಾನದ ಕಿರೀಟ, ಯಾವುದಾದರೂ ತಲೆಯನ್ನು ಕಾಪಾಡುತ್ತದೆಯೇ? ಬಾಸಿಂಗವಂತೂ ಅಪಾಯವನ್ನು ಆಹ್ವಾನಿಸುತ್ತದೆ. ತಲೆಯನ್ನು ಬರಿಯ ತಲೆಯೆಂದು, ಒಡೆಯಬಹುದಾದ ಮಡಕೆಯೆಂದು ಕಾಣುವುದು ಈ ಹೆಲ್ಮೆಟ್ ಒಂದೇ. ಅದಕ್ಕೇ ಅದಕ್ಕೆ ಗೌರವವಿಲ್ಲ. ರೂಪವಾದರೂ ಇದೆಯೇ? ಸೈಕಲ್ಲಿನ ಹೆಲ್ಮೆಟ್ ಎಂದರೆ ಹೋಳು ಮಾಡಿ ತಿರುಳು ತೆಗೆದ ಹಾಗಲಕಾಯಿ.

ಇಷ್ಟು ಹೇಳಿ ಕುಳಿತೆ. ಎಲ್ಲರೂ ತಲೆದೂಗಿದರು. ಪ್ರಜ್ವಲ್ ಮಾತ್ರ ದೂಗಲಿಲ್ಲ. ಅವನ ತಲೆಯ ಮೇಲೆ ಹೆಲ್ಮೆಟ್ ಇತ್ತು.

ಆದರೆ ನಿಜವಾದ ಕಾರಣವನ್ನು ಯಾರೂ ಬಾಯಿಬಿಟ್ಟಿರಲಿಲ್ಲ. ಹೊರಗೆ ಸೈಕಲ್ ಬೀಗ ತೆಗೆಯುವಾಗ ಹುಕ್ಕೇರಿ ದನಿ ತಗ್ಗಿಸಿದರು: "ಹಾಕ್ಕೊಳ್ಳಾಕ ನನಗೇನು ತ್ರಾಸಿಲ್ರಿ. ಆದ್ರ ಮನೀಗೆ ಹೆಂಗ ಒಯ್ಯೂದು? ಬರೇ ಗಾಳಿ ಕುಡ್ಯಾಕ ಹೋಗಿರ್ತೇವಿ ಅಂತ ಹೇಳೇನಿ."

ನನ್ನದೂ ಅದೇ ಪಾಡು. ನನ್ನ ಹೆಂಡತಿ ವತ್ಸಲಾಳ ಅಣ್ಣ ಬೆಳಗಾವಿಯಲ್ಲಿ ಸ್ಕೂಟರಿನಿಂದ ಬಿದ್ದು, ಎಷ್ಟೋ ತಿಂಗಳು ಸ್ವಂತ ತಂಗಿಯ ಹೆಸರು ನೆನಪಾಗದೆ ಮಲಗಿದ್ದವನು. ಅಂದಿನಿಂದ ಅವಳಿಗೆ ಎರಡು ಗಾಲಿಯ ಮೇಲೆ ನಿಲ್ಲುವ ಯಾವುದರಲ್ಲೂ ವಿಶ್ವಾಸವಿಲ್ಲ. ನಾನು ಸೈಕಲ್ ತಂದಾಗ, ಅಪಾಯ ಎಳ್ಳಷ್ಟೂ ಇಲ್ಲ, ಸೋಫಾದ ಮೇಲೆ ಕೂರುವುದಕ್ಕಿಂತ ಇದೇ ಸುರಕ್ಷಿತ ಎಂದು ಗಂಭೀರವಾಗಿ ಸಾಧಿಸಿ ಅನುಮತಿ ಪಡೆದಿದ್ದೆ. ಈಗ ಹೆಲ್ಮೆಟ್ ಹಿಡಿದು ಒಳಗೆ ಕಾಲಿಟ್ಟರೆ ಏನರ್ಥ? ಸೈಕಲ್ ಮರುದಿನವೇ ಗುಜರಿಗೆ. ನಿವೃತ್ತನಿಗೆ ವಾರದಲ್ಲಿ ಏಳು ಭಾನುವಾರಗಳು, ನಿಜ. ಆದರೆ ನನಗೆ ಅವುಗಳಲ್ಲಿ ಅಸಲಿಯದು ಇದೊಂದೇ. ಅದನ್ನು ಕಳೆದುಕೊಳ್ಳಲು ನಾನು ಸಿದ್ಧನಿರಲಿಲ್ಲ.

ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ ಶೆಟ್ಟರೇ ದಾರಿ ತೋರಿಸಿದರು. ಹೆಲ್ಮೆಟ್ಟುಗಳನ್ನು ಹೋಟೆಲಿನಲ್ಲೇ, ಗಲ್ಲಾದ ಹಿಂದಿನ ಅಟ್ಟದ ಮೇಲೆ ಇಡಬಹುದಲ್ಲ ಎಂದರು.

"ಜಾಗ ಬೇಕಾದಷ್ಟು ಉಂಟು ಸಾರ್. ಆದರೆ ಮನೆಯವರು ಬಂದು ಕೇಳಿದರೆ ನಾನು ಸುಳ್ಳು ಹೇಳುವವನಲ್ಲ ಮಾರಾಯ್ರೆ. ಈಗಲೇ ಹೇಳಿದ್ದೇನೆ."

ಮುಂದಿನ ವಾರ ನಿಯಮ ಸರ್ವಾನುಮತದಿಂದ ಪಾಸಾಯಿತು. ಹಿರಿಯರ ಹೃದಯಪರಿವರ್ತನೆ ಕಂಡು ಪ್ರಜ್ವಲ್ ಕಣ್ಣರಳಿಸಿದ. ವ್ಯವಸ್ಥೆ ಹೀಗೆ ನಡೆಯತೊಡಗಿತು: ಮನೆಯಿಂದ ಹೋಟೆಲಿಗೆ ಬರಿದಲೆ, ಅಲ್ಲಿ ಕಿರೀಟಧಾರಣೆ, ಹಾಲಿನ ವ್ಯಾನು, ನಾಲ್ಕು ನಾಯಿ ಬಿಟ್ಟರೆ ಯಾರೂ ಇಲ್ಲದ ರಸ್ತೆಯಲ್ಲಿ ಸಾಲಾಗಿ, ಯುದ್ಧಕ್ಕೆ ಹೊರಟವರಂತೆ ಸಂಚಾರ, ಇಡ್ಲಿಯಾದ ಮೇಲೆ ಕಿರೀಟ ಅಟ್ಟಕ್ಕೆ. ಅಷ್ಟೊತ್ತಿಗೆ ಬಿಸಿಲೇರಿ ಕ್ಯಾಬುಗಳು, ಬಸ್ಸುಗಳು, ಮಾಲಿಗೆ ಹೊರಟ ಸಂಸಾರಗಳು ರಸ್ತೆ ತುಂಬಿರುತ್ತಿದ್ದವು. ಅವುಗಳ ನಡುವೆ ಒಬ್ಬೊಬ್ಬನೇ, ಬರಿದಲೆಯಲ್ಲಿ, ಮನೆಗೆ. ಈ ವ್ಯವಸ್ಥೆಯಲ್ಲಿ ಏನೋ ಒಂದು ತಾರ್ಕಿಕ ದೋಷವಿದೆ ಎಂದು ನನಗೆ ಆಗಾಗ ಅನ್ನಿಸಿದ್ದುಂಟು. ಆದರೆ ದೋಷವಿಲ್ಲದ ವ್ಯವಸ್ಥೆಯನ್ನು ನಾನು ಇತಿಹಾಸದಲ್ಲೂ ಕಂಡವನಲ್ಲ.

ಮಳೆಗಾಲದ ಒಂದು ಸಂಜೆ ವತ್ಸಲಾಗೆ ಮಸಾಲೆ ದೋಸೆ ತಿನ್ನುವ ಮನಸ್ಸಾಯಿತು. ಶೆಟ್ಟರ ಹೋಟೆಲಿಗೇ ಹೋಗೋಣವೆಂದಳು. ಬೇರೆ ಮೂರು ಹೋಟೆಲುಗಳ ಗುಣಗಾನ ಮಾಡಿ ಸೋತೆ. ಒಳಗೆ ಅಟ್ಟಕ್ಕೆ ಬೆನ್ನಾಗುವಂತೆ ಅವಳನ್ನು ಕೂರಿಸಿದ್ದೂ ಆಯಿತು. ದೋಸೆ ಬಂತು, ಹಿಂದೆಯೇ ಶೆಟ್ಟರು ಬಂದರು. ಕೈಯಲ್ಲಿ ನನ್ನ ಹೆಲ್ಮೆಟ್.

"ಅಮ್ಮಾ, ಸಾರ್‌ದು ಪಟ್ಟಿ ಹೊಲಿಗೆ ಬಿಟ್ಟಿದೆ. ಹೀಗೇ ಹಾಕಿಕೊಂಡು ಹೋಗುತ್ತಾರೆ, ಬಿದ್ದರೆ ಎಂತ ಉಪಯೋಗ? ಮನೆಯಲ್ಲಿ ಸ್ವಲ್ಪ ಹೊಲಿದು ಕೊಡಿ, ಆಯ್ತಾ?"

ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದಿದ್ದರು. ಕೇಳದೆಯೂ ನಿಜ ಹೇಳುತ್ತಾರೆ ಎಂದು ಅಂದಿರಲಿಲ್ಲ.

ವತ್ಸಲಾ ಅದನ್ನು ತಿರುಗಿಸಿ ನೋಡಿದಳು. ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರಂತೆ ಬೆರಳಗೆಣ್ಣಿನಿಂದ ಕುಟ್ಟಿದಳು.

"ಇದನ್ನ ಯಾವಾಗ ಹಾಕ್ಕೋತೀರಿ?"

"ಅವರೆಲ್ಲಾರ ಕೂಡ ಹೋಗೂ ಮುಂದ."

"ಮತ್ತ ಮನೀಗೆ ಬರೂ ಮುಂದ?"

ನಾನು ಚಟ್ನಿಯನ್ನು ನೋಡಿದೆ.

"ಹಂಗಂದ್ರ, ಅವರಿಗೆ ಬೇಕಾದ ತಲಿ ನನಗ ಬ್ಯಾಡಾಗ್ಯದ ಅಂತ ತಿಳಕೊಂಡೀರೇನು?"

ಹಾಗಲ್ಲ, ಅಪಾಯವಿದೆಯೆಂದು ಗೊತ್ತಾದರೆ ಸೈಕಲ್ ಬಿಡಿಸುತ್ತೀ ಎಂದು ಹೆದರಿದ್ದೆ ಎಂದೆ. ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಅಪಾಯ ಇಲ್ಲಂತ ನೀವು ಹೇಳಿದ್ದನ್ನ ನಾ ನಂಬೀನಿ ಅಂತ ನೀವು ನಂಬಿದ್ರೇನು? ಪ್ರತಿ ಐತವಾರ ನೀವು ಹೋದಮ್ಯಾಲೆ ನನಗ ನಿದ್ದಿ ಬರೂದಿಲ್ರಿ. ಬಾಗಲದ ಗಂಟಿ ಬಾರಸೂ ತನಕಾ ಅಡಿಗಿಮನ್ಯಾಗ ಸುಮ್ಮನ ಕೂತಿರ್ತೀನಿ. ಬಿಡಸೂದಿದ್ರ ಅವತ್ತೇ ಬಿಡಸ್ತಿದ್ದೆ. ಅಷ್ಟು ಖುಷೀಲೆ ಬರ್ತೀರಿ, ಹೆಂಗ ಬಿಡಸ್ಲಿ?"

ದೋಸೆ ತಣ್ಣಗಾಯಿತು. ಹೆಲ್ಮೆಟ್ ಅವಳ ಮಡಿಲಲ್ಲಿ ಕುಳಿತು ರಿಕ್ಷಾದಲ್ಲಿ ಮನೆಗೆ ಬಂತು. ಆ ರಾತ್ರಿಯೇ ಅವಳು ಹುಕ್ಕೇರಿಯವರ ಮನೆಗೆ ಫೋನ್ ಮಾಡಿದಳು. ಹುಕ್ಕೇರಿಯವರ ಹೆಂಡತಿ ಇನ್ನೊಬ್ಬರಿಗೆ ಮಾಡಿದರು. ಮುಂದಿನ ಭಾನುವಾರದೊಳಗೆ ಅಟ್ಟ ಖಾಲಿ. ಶೆಟ್ಟರು ಈಗ ಅಲ್ಲಿ ಉಪ್ಪಿನಕಾಯಿ ಭರಣಿ ಇಟ್ಟಿದ್ದಾರೆ.

ಗುಂಪಿನ ಸವಾರಿಗೆ ಹೆಲ್ಮೆಟ್ ಕಡ್ಡಾಯವಾಗಬೇಕೇ ಎಂದು ಯಾರಾದರೂ ಕೇಳಿದರೆ ನಾನು ಈಗ ನಿಸ್ಸಂಕೋಚವಾಗಿ ಹೌದೆನ್ನುತ್ತೇನೆ. ಆದರೆ ನಿಯಮ ಮಾಡುವ ಸಭೆಗೆ ಮನೆಯವರನ್ನೂ ಕರೆಯಿರಿ ಎನ್ನುತ್ತೇನೆ. ಗುಂಪಿನಲ್ಲಿ ಹೋಗುವಾಗ ಹಿಂದೆ ಮುಂದೆ ನೋಡಿಕೊಳ್ಳುವವರು ಹತ್ತು ಜನರಿರುತ್ತಾರೆ. ತಲೆಗೆ ನಿಜವಾಗಿ ಕೆಲಸ ಬೀಳುವುದು ಒಬ್ಬನೇ ಮರಳುವಾಗ, ಮತ್ತು ಆ ಹಾದಿಯ ಕೊನೆಗೆ ಕಾಯುತ್ತಿರುವವರಿಗೆ ಬಳಗದಲ್ಲಿ ಮತವಿರುವುದಿಲ್ಲ.

ಈಗ ನಸುಕಿನಲ್ಲಿ ಪಟ್ಟಿ ಬಿಗಿಯುವವಳು ವತ್ಸಲಾ. "ಬಿಗಿ ಆತೇನ್ರಿ?" ಎಂದು ಕೇಳುತ್ತಾಳೆ. ಹೌದೆಂದರೆ "ಛಲೋ ಆತು" ಎನ್ನುತ್ತಾಳೆ, ಸಡಿಲ ಮಾಡುವುದಿಲ್ಲ. ಮರಳಿ ಬಂದು ಗಂಟೆ ಒತ್ತಿದರೆ ಮಾತ್ರ ಈಚೆಗೆ ಬಾಗಿಲು ಬೇಗ ತೆರೆಯುವುದಿಲ್ಲ. ನನ್ನನ್ನು ಕಳಿಸಿ ಮತ್ತೆ ಮಲಗಿದವಳಿಗೆ ಒಳಗೆ ಗಾಢ ನಿದ್ದೆ. ಎರಡನೆಯ ಸಲ ಒತ್ತಲು ನನಗೆ ಮನಸ್ಸಾಗುವುದಿಲ್ಲ. ಹಾಗಲಕಾಯಿಯನ್ನು ತಲೆಯ ಮೇಲೇ ಇಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತುಕೊಳ್ಳುತ್ತೇನೆ. ನೆರೆಮನೆಯವರು, ತರಕಾರಿಯವರು ಒಂದು ಥರಾ ನೋಡಿಕೊಂಡು ಹೋಗುತ್ತಾರೆ. ನೋಡಲಿ. ಅವಳು ಎದ್ದಾಗ ತೆರೆಯುತ್ತಾಳೆ.